ಟಪಾಲು ಪೆಟ್ಟಿಗೆ: ಅಂಚಿನಲ್ಲಿ ಬರೆದದ್ದನ್ನು ಓದಿದಿರಾ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಒಂದು ಕೆಫೆಯಲ್ಲಿ ತಿಂಗಳಿಗೊಮ್ಮೆ ಕಾಮಿಡಿ ನೈಟ್ ಮಾಡುತ್ತೇವೆ. ನಮ್ಮ ಅಜ್ಜ ಸೊಲ್ಲಾಪುರದ ಮಿಲ್ಲಿನಲ್ಲಿದ್ದರು. ಅವರು ಮನೆಗೆ ಬರೆದ ಪೋಸ್ಟ್‌ಕಾರ್ಡುಗಳು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕವು. ಹೋದ ಸಲ 1968ರ ಒಂದನ್ನು ಸ್ಟೇಜ್ ಮೇಲೆ ಓದಿದೆ. ಜನ ಬಿದ್ದು ಬಿದ್ದು ನಕ್ಕರು. ಆದರೆ ಅದು ನಮ್ಮ ಸೋದರತ್ತೆಯ ಸಂಬಂಧದ ವಿಷಯ. ವಿಡಿಯೊ ನೋಡಿ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಹಳೇ ಕಾರ್ಡು ಓದುವುದು ತಪ್ಪೇ? ಎರಡೂ ಬದಿಯ ಝೆರಾಕ್ಸ್ ಇಟ್ಟಿದ್ದೇನೆ.
– ಜಲನಗರ, ವಿಜಯಪುರ

ಉತ್ತರ: ನಾನು ಇಪ್ಪತ್ತೆಂಟು ವರ್ಷ ಟಪಾಲು ಸಾರ್ಟಿಂಗ್ ಮಾಡಿದವನು ತಮ್ಮಾ. ಕಾರ್ಡು ಓದಬಾರದು ಅಂತ ನಿಯಮ. ಅದನ್ನು ಕಣ್ಣಿಗೆ ಹೇಳೋರು ಯಾರು? ನಮ್ಮ ದೇಶಕ್ಕೆ ಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಅವತ್ತಿನಿಂದಲೂ ಅದು ಬಾಗಿಲಿಲ್ಲದ ಮನೆ. ಮುಚ್ಚಿಡೋ ಮಾತಿದ್ದರೆ ಮಡಚಿ ಅಂಟಿಸೋ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಆದ್ದರಿಂದ ಓದಿದ್ದೇ ತಪ್ಪು ಅಂತ ನಾನು ಹೇಳೋದಿಲ್ಲ.

ನಿಮ್ಮ ತಪ್ಪು ಬೇರೆ ಇದೆ. ಝೆರಾಕ್ಸನ್ನು ಬಿಸಿಲಿಗೆ ಹಿಡಿದು ಓದಿದೆ. ‘ಗಂಡಿನ ಕಡೆಯವರು ಇಲ್ಲಿ ಸಿಕ್ಕಿದ್ದರು. ಹುಡುಗಿ ಬಣ್ಣ ಕಡಿಮಿ, ಹಲ್ಲು ಮುಂದ ಅಂತಾರ’ ಅನ್ನೋದು ಕೊನೆಯ ಸಾಲು. ನೀವು ಅಲ್ಲಿಗೇ ನಿಲ್ಲಿಸಿದ್ದೀರಿ, ಅಲ್ವಾ? ಕಾರ್ಡು ಅಂದರೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಅರ್ಧ ಜಾಗ ‘ಉಭಯ ಕುಶಲೋಪರಿ’ಗೇ ಹೋಗುತ್ತಿತ್ತು. ಹೇಳಲೇಬೇಕಾದ ಮಾತು ಹೊರಗೇ ಉಳಿಯುತ್ತಿತ್ತು. ಆಗ ಕಾರ್ಡನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಬರೆಯುತ್ತಿದ್ದರು. ನಿಮ್ಮ ಅಜ್ಜನೂ ಬರೆದಿದ್ದಾರೆ. ಎಡಗಡೆ ನೋಡಿ: ‘ಅವರು ಕೈ ಮುಗಿದು ಬಂದರೂ ನಮ್ಮ ಕೂಸಿನ್ನ ಕೊಡೂದಿಲ್ಲ. ನೀ ಅಳಬ್ಯಾಡ. ಜಾಗಾ ಮುಗೀತು.’

ನಗೆಯೂ ಅಲ್ಲೇ ಇದೆ ನೋಡಿ. ‘ಜಾಗಾ ಮುಗೀತು’ ಅನ್ನೋದನ್ನ ಬಿಟ್ಟು ಬರ್ತೀರಲ್ಲ, ಎಂಥಾ ಕಾಮಿಡಿಯನ್ರೀ ನೀವು! ಕಂದಗಲ್ ಹನುಮಂತರಾಯ ರಂಗಮಂದಿರದಲ್ಲಿ ನಾನು ಕೇಳಿದ ಹಾಸ್ಯಸಂಜೆಗಳಲ್ಲಿ ಮಾತುಗಾರರು ಮೊದಲು ತಮ್ಮ ಬೋಳುತಲೆಯಿಂದಲೇ ಶುರು ಮಾಡುತ್ತಿದ್ದರು. ಆಮೇಲೆ ನಮ್ಮ ಸರದಿ. (ಹೆಂಡತಿ ಜೋಕು ಜಾಸ್ತಿ ಇರುತ್ತಿತ್ತು. ಅದು ನನಗೆ ಆಗಲೂ ಹಿಡಿಸುತ್ತಿರಲಿಲ್ಲ.) ಝೆರಾಕ್ಸ್ ಅಲ್ಲ, ಕಾರ್ಡನ್ನೇ ತಗೊಂಡು ಅತ್ತೆಯವರ ಮನೆಗೆ ಹೋಗಿ. ಅಂಚನ್ನು ಅವರೇ ಓದಲಿ. ಆ ಸಾಲು ಅವರ ಕಣ್ಣಿಗೆ ಬಿದ್ದಿದೆಯೋ ಇಲ್ಲವೋ, ಯಾರಿಗೆ ಗೊತ್ತು. ಮತ್ತೆ ಸ್ಟೇಜಿಗೆ ತರೋದು ಬಿಡೋದು ಅವರು ಹೇಳಿದ ಹಾಗೆ. ವಿಡಿಯೊ ಮಾತ್ರ ಇವತ್ತೇ ತೆಗೆಯಿರಿ.

ಪ್ರಶ್ನೆ: ಗೋಳಗುಮ್ಮಟದ ಚಿತ್ರವಿರುವ ಕಾರ್ಡನ್ನು 900 ರೂಪಾಯಿ ಕೊಟ್ಟು ತಂದೆ. 1900ರದ್ದು ಅಂತ ಮಾರುವವನು ಹೇಳಿದ. ತಾರೀಖಿಲ್ಲ, ಸ್ಟಾಂಪೂ ಇಲ್ಲ. ಹಿಂದೆ ನಡುವೆ ಒಂದು ಗೆರೆ, ಕೆಳಗೆ ಆರು ಸಣ್ಣ ಚೌಕ ಇವೆ. ಹಳೇದೇ ಅಲ್ವಾ?
– ಬೆಳಗಾವಿ

ಉತ್ತರ: ಗುಮ್ಮಟ ಹಳೇದು ತಾಯಿ, 1656ರದ್ದು. ಕಾರ್ಡು ಅಲ್ಲ. ಆ ಆರು ಚೌಕ ಪಿನ್‌ಕೋಡಿಗೆ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಗೆರೆಯೂ ಅದನ್ನೇ ಹೇಳುತ್ತದೆ. 1900ರ ಸುಮಾರಿಗೆ ಚಿತ್ರದ ಕಾರ್ಡಿನ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಸುದ್ದಿಯನ್ನು ಚಿತ್ರದ ಮೇಲೇ, ಆಕಾಶ ಕಂಡಲ್ಲಿ ಗೀಚಬೇಕಿತ್ತು. ಹಿಂಬದಿಯನ್ನು ಎರಡು ಪಾಲು ಮಾಡಲು ಬ್ರಿಟನ್ ಒಪ್ಪಿದ್ದೇ 1902ರಲ್ಲಿ. ಮುಂದಿನ ಸಲ ಚಿತ್ರ ಆಮೇಲೆ ನೋಡಿ, ಮೊದಲು ಬೆನ್ನು ನೋಡಿ. ಸ್ಟಾಂಪಿನ ಮೇಲೆ ‘ನಯಾ ಪೈಸೆ’ ಅಂತ ಇದ್ದರೆ ಆ ಸ್ಟಾಂಪು 1957ಕ್ಕಿಂತ ಹಿಂದಿನದಲ್ಲ. ಆ 900 ರೂಪಾಯಿ ವಾಪಸ್ ಬರುತ್ತೆ ಅಂತ ನನಗನ್ನಿಸೋದಿಲ್ಲ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ಹೋದ ನಮ್ಮ ಹಳೇ ಮನೆಯ ವಿಳಾಸಕ್ಕೆ ಬಂದ ಹನ್ನೊಂದು ಕಾರ್ಡುಗಳಿವೆ. ಲ್ಯಾಮಿನೇಶನ್ ಮಾಡಿಸಲೇ?
– ನವನಗರ, ಬಾಗಲಕೋಟೆ

ಉತ್ತರ: ಬೇಡವೇ ಬೇಡ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ. ಮತ್ತೆ ಬಿಡಿಸೋಕೆ ಬರೋದಿಲ್ಲ. ಸೆಲ್ಲೋಟೇಪೂ ಬೇಡ. ಪಾಲಿಪ್ರೊಪಿಲೀನ್ ಪಾಕೀಟು ಸಿಗುತ್ತದೆ, ಒಂದೊಂದರಲ್ಲಿ ಒಂದೊಂದು ಹಾಕಿ. ಮೂಸಿದರೆ ಹೊಸ ರೇನ್‌ಕೋಟಿನ ವಾಸನೆ ಬರೋ ಪ್ಲಾಸ್ಟಿಕ್ ತಗೋಬೇಡಿ. ಇನ್ನೊಂದು ಕೆಲಸ ಮಾಡಿ. ವಿಳಾಸದಲ್ಲಿ ಓಣಿಯ ಹೆಸರಷ್ಟೇ ಇರುತ್ತದೆ. ಆ ಓಣಿಗೆ ಎಲ್ಲಿಂದ ಹೋಗಬೇಕಿತ್ತು, ಪಕ್ಕದಲ್ಲಿ ಯಾರಿದ್ದರು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ. ನೀರು ಬಿದ್ದರೂ ಅದು ಹರಡೋದಿಲ್ಲ.