ಆಪ್ತಸಲಹೆ: ಹಾಡು ಶುರುವಾದ್ರೆ ಮುಖ ತಿರುಗಿಸೋ ಮಗು

(ಗುರುತು ಸಿಗಬಾರದು ಅಂತ ಒಂದಷ್ಟು ವಿವರ ಬದಲಾಯಿಸಿದೀನಿ, ಅಮ್ಮನ ಒಪ್ಪಿಗೆ ತಗೊಂಡೇ ಬರೀತಿರೋದು.)

ಬಂದಿದ್ದು 8 ತಿಂಗಳ ಹೆಣ್ಣು ಮಗುವಿನ ಅಮ್ಮ, ಮೊದಲನೇ ಮಗು, ಜೊತೆಗೆ ಗಂಡನೂ ಬಂದಿದ್ರು, ಆದ್ರೆ ಅವರು ಸುಮ್ನೆ ಪಕ್ಕದಲ್ಲಿ ಕೂತಿದ್ರು ಅಷ್ಟೇ. "ಮೇಡಂ, ನಾನು ಹಾಡೋಕೆ ಶುರು ಮಾಡಿದ್ರೆ ಸಾಕು ಇವಳು ಮುಖ ಆ ಕಡೆ ತಿರುಗಿಸ್ತಾಳೆ, ಸಂಗೀತ ಅಂದ್ರೆ ಇಷ್ಟಾನೇ ಇಲ್ವೇನೋ, ಇಲ್ಲಾ ಕಿವಿ ಏನಾದ್ರೂ ಪ್ರಾಬ್ಲಮ್ಮಾ" ಅಂತ ಒಂದೇ ಉಸಿರಲ್ಲಿ ಕೇಳಿದ್ರು.

ಕಿವಿ ವಿಚಾರ ಮೊದ್ಲು ಮುಗಿಸ್ಕೊಂಡೆ. ಹುಟ್ಟಿದಾಗ ಮಾಡಿದ ಹಿಯರಿಂಗ್ ಟೆಸ್ಟ್ ಸರಿ ಇತ್ತು, ಹಿಂದೆ ಬಾಗಿಲು ತೆಗೆದ್ರೆ ತಿರುಗಿ ನೋಡ್ತಾಳೆ, ಹೆಸರು ಕರೆದ್ರೆ ನೋಡ್ತಾಳೆ, ದಿನವಿಡೀ ಬಬಬ ಮಮಮ ಅಂತಿರ್ತಾಳೆ. ಇವು ಇಲ್ದೇ ಇದ್ದಿದ್ರೆ ಸಂಗೀತದ ಮಾತೇ ಎತ್ತದೆ ನೇರವಾಗಿ ಆಡಿಯಾಲಜಿಸ್ಟ್ (ಕಿವಿ ಕೇಳಿಸುತ್ತಾ ಅಂತ ಪರೀಕ್ಷೆ ಮಾಡೋ ತಜ್ಞರು) ಹತ್ರ ಕಳಿಸ್ತಿದ್ದೆ.

ಆಮೇಲೆ ದಿನ ಹೇಗಿರುತ್ತೆ ಅಂತ ಕೇಳಿದೆ. ಬೆಳಗ್ಗೆ ಎದ್ದ ತಕ್ಷಣ "ಬುದ್ಧಿ ಬೆಳೆಸೋ" ಪಿಯಾನೋ ಪ್ಲೇಲಿಸ್ಟು, ಆಟ ಆಡ್ವಾಗ ಬೇರೆ ಪ್ಲೇಲಿಸ್ಟು, ಸಂಜೆ ಅಮ್ಮ ಕೂರಿಸ್ಕೊಂಡು ಹಾಡೋದು, ಮಧ್ಯ ಮಧ್ಯ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕೋದು. ನಿಧಾನಕ್ಕೆ ಬಂದ ಮಾತು ಇದು: ಅವರೂ ಹಾಡು ಕಲೀತಿದ್ರು, ನಡುವೆ ಬಿಟ್ಟೋಯ್ತು, "ನಾನು ಲೇಟಾಗಿ ಶುರು ಮಾಡಿದ್ದೆ, ಅದಕ್ಕೇ ಬರ್ಲಿಲ್ಲ, ಇವಳಿಗೆ ಹಾಗಾಗಬಾರದು". ಹಾಗೆ ಹೇಳ್ವಾಗ ಗಂಡನ ಕಡೆ ನೋಡ್ಲಿಲ್ಲ.

ಪಿಯಾನೋ ಕೇಳಿದ್ರೆ ಮಗು ಜಾಣ ಆಗುತ್ತೆ ಅನ್ನೋ ನಂಬಿಕೆ ಎಲ್ಲಿಂದ ಬಂತು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಇದು ನಮ್ಮ ಹತ್ರ ಬರೋ ತಂದೆ ತಾಯಂದಿರಲ್ಲಿ ತುಂಬಾ ಜನಕ್ಕೆ ಇದೆ. 1993ರಲ್ಲಿ ಒಂದು ಪುಟ್ಟ ಅಧ್ಯಯನ ಬಂತು, ಅದರಲ್ಲಿದ್ದೋರು ಮಕ್ಕಳೇ ಅಲ್ಲ, ಕಾಲೇಜು ವಿದ್ಯಾರ್ಥಿಗಳು, ಮೊಜಾರ್ಟ್ ಅನ್ನೋ ಪಾಶ್ಚಾತ್ಯ ಸಂಗೀತಗಾರನ ಪಿಯಾನೋ ಸಂಗೀತ ಕೇಳಿಸಿದ ಮೇಲೆ ಮಡಚಿದ ಕಾಗದ ಬಿಚ್ಚಿದ್ರೆ ಹೇಗಿರುತ್ತೆ ಅಂತ ಊಹಿಸೋ ಥರದ ಪ್ರಶ್ನೆಗಳಲ್ಲಿ ಸ್ವಲ್ಪ ಚೆನ್ನಾಗಿ ಮಾಡಿದ್ರು, ಆ ಪರಿಣಾಮ ಇದ್ದಿದ್ದು 10-15 ನಿಮಿಷ. ಅಷ್ಟೇ ಕಥೆ. ಅದರ ಮೇಲೆ ಎಷ್ಟು ಸಿಡಿ ಮಾರಾಟ ಆಯ್ತೋ ದೇವರಿಗೇ ಗೊತ್ತು.

ಅವರ ಫೋನಲ್ಲಿದ್ದ ಒಂದು ವಿಡಿಯೋ ನೋಡಿದ್ವಿ. ಮಗು ನೆಲದ ಮೇಲೆ ಕೂತಿದೆ, ಮುಂದೆ ಬೋರಲು ಹಾಕಿರೋ ಡಬ್ಬಿ, ಕೈಯಲ್ಲಿ ಮರದ ಚಮಚ. ಎರಡು ಏಟು ಹಾಕಿದ್ಲು, ಚಮಚ ಮೇಲೇ ಇಟ್ಕೊಂಡು ನಿಲ್ಲಿಸಿ, ಹುಬ್ಬು ಏರಿಸಿ ಅಮ್ಮನ್ನ ನೋಡಿದ್ಲು. ಅಷ್ಟರಲ್ಲಿ ಅಮ್ಮನ ದನಿ, "ಹಾಗಲ್ಲ ಪುಟ್ಟಿ, ಒಂದು ಎರಡು, ಒಂದು ಎರಡು", ಆ ಪುಟ್ಟ ಕೈ ಹಿಡ್ಕೊಂಡು ಹೊಡೆಸಿದ್ರು. ಮಗು ಕೈ ಬಿಗಿಯಾಯ್ತು, ಚಮಚ ಬಿತ್ತು, ಮುಖ ಕಿಟಕಿ ಕಡೆಗೆ ಹೋಯ್ತು. ಹುಬ್ಬು ಏರಿಸಿದ ಜಾಗಕ್ಕೆ ವಾಪಸ್ ಹೋಗಿ ವಿಡಿಯೋ ನಿಲ್ಲಿಸಿ "ಇಲ್ಲಿ ಅವಳು ನಿಮ್ಮನ್ನ ಕೇಳ್ತಿದಾಳೆ ನೋಡಿ, ಈಗ ನಿಮ್ಮ ಸರದಿ ಅಂತ" ಅಂದೆ. ಅವರು ಅದನ್ನ ಎರಡು ಮೂರು ಸಲ ಹಾಕಿ ನೋಡಿದ್ರು.

ಈ ವಯಸ್ಸಿಗೆ "ಸಾಕು" ಅಂತ ಹೇಳೋಕೆ ಮಗುವಿಗೆ ಮಾತು ಇಲ್ಲ, ಮುಖ ತಿರುಗಿಸೋದು, ಕಣ್ಣು ಉಜ್ಜೋದು, ಆಕಳಿಸೋದು, ಬೆನ್ನು ಹಿಂದಕ್ಕೆ ಬಿಲ್ಲಿನ ಥರ ಬಗ್ಗಿಸೋದು, ಇವೇ ಅದರ ಮಾತು. ಇಷ್ಟ ಇಲ್ಲ ಅಂತ ಅರ್ಥ ಅಲ್ಲ, ಸ್ವಲ್ಪ ಬಿಡಿ ಅಂತ. ಇನ್ನು ತಾಳ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 5 ತಿಂಗಳಿಂದ 2 ವರ್ಷದ ಮಕ್ಕಳನ್ನ ನೋಡಿದ್ರು, ಮಾತಿಗಿಂತ ಸಂಗೀತಕ್ಕೆ ಮಕ್ಕಳು ಹೆಚ್ಚು ಮೈ ಕುಣಿಸ್ತಾರೆ, ಆದ್ರೆ ಬೀಟಿಗೆ ಕರೆಕ್ಟಾಗಿ ಸೇರಿಸೋಕೆ ಅವರಿಂದ ಆಗಲ್ಲ. 8 ತಿಂಗಳಿಗೆ ಒಂದು ಎರಡು ಕೇಳಿದ್ರೆ ಎಲ್ಲಿಂದ ಬರಬೇಕು.

ಹೇಳಿದ್ದು ಜಾಸ್ತಿ ಏನಿಲ್ಲ. ಹಿಂದೆ ಸುಮ್ನೆ ಓಡ್ತಿರೋ ಪ್ಲೇಲಿಸ್ಟ್ ಆಫ್ ಮಾಡಿ, ಯಾಕಂದ್ರೆ ಯಾವಾಗ್ಲೂ ಸದ್ದಿದ್ರೆ ಮಗು ತಾನು ಮಾಡಿದ ಸದ್ದು ಕೇಳಿಸ್ಕೊಳೋದು ಹೇಗೆ. ಅವಳು ಬಡಿದ್ರೆ ನೀವೂ ಅಷ್ಟೇ ಬಡೀರಿ, ಅವಳು ಆಆ ಅಂದ್ರೆ ನೀವೂ ಆಆ ಅನ್ನಿ, ಆಮೇಲೆ ಕಾಯಿರಿ, ನಿಮಗೆ ಅತಿಯಾಯ್ತು ಅನ್ನಿಸೋವಷ್ಟು ಕಾಯಿರಿ. ಡೈಪರ್ ಬದಲಾಯಿಸ್ವಾಗ, ಸ್ನಾನ ಮಾಡಿಸ್ವಾಗ ಅದೇ ಒಂದೆರಡು ಹಾಡು ಸಾಕು, ಕೊನೇ ಪದದ ಮುಂಚೆ ನಿಲ್ಲಿಸಿ ಅವಳ ಮುಖ ನೋಡಿ. ಮುಖ ತಿರುಗಿಸಿದ್ರೆ ಸುಮ್ಮನಾಗಿ, ಅವಳೇ ವಾಪಸ್ ತಿರುಗ್ತಾಳೆ, ತಿರುಗ್ದಿದ್ರೆ ಅವತ್ತಿಗೆ ಆಯ್ತು. ವಿಡಿಯೋ ಸ್ವಲ್ಪ ದಿನ ಬೇಡ. ಬ್ಯಾಟರಿ ಹಾಕೋ ಮ್ಯೂಸಿಕ್ ಆಟಿಕೆ ಇದ್ರೆ ಬ್ಯಾಟರಿ ಮುಚ್ಚಳ ಸ್ಕ್ರೂ ಹಾಕಿ ಗಟ್ಟಿಯಾಗಿದ್ಯಾ ನೋಡಿ, ಬಟನ್ ಸೆಲ್ (ಗುಂಡಿ ಥರದ ಪುಟ್ಟ ಬ್ಯಾಟರಿ) ನುಂಗಿದ್ರೆ ಎರಡು ಗಂಟೆ ಒಳಗೇ ಅನ್ನನಾಳ ಸುಟ್ಟು ಹೋಗಬಹುದು, ಅನುಮಾನ ಬಂದ್ರೂ ಸಾಕು ನೇರ ಆಸ್ಪತ್ರೆಗೆ ಓಡಿ. (ಇದನ್ನ ನಾನು ಎಲ್ಲರಿಗೂ ಹೇಳ್ತೀನಿ, ಕೇಳದಿದ್ರೂ.)

ಆಗ ಗಂಡ ಬಾಯಿ ಬಿಟ್ರು. "ನಂಗೆ ಶ್ರುತಿಗಿತಿ ಬರಲ್ಲ ಮೇಡಂ, ಆದ್ರೆ ನಾನು ಬಾಗಿಲ ಮೇಲೆ ಟಕಟಕ ಅಂದ್ರೆ ಇವಳು ಬಿದ್ದು ಬಿದ್ದು ನಗ್ತಾಳೆ, ತಾನೂ ನೆಲ ತಟ್ತಾಳೆ." ಹೆಂಡತಿಗೆ ಆಶ್ಚರ್ಯ, ಇಷ್ಟು ದಿನ ಅದನ್ನ ಯಾರೂ ಸಂಗೀತದ ಲೆಕ್ಕಕ್ಕೆ ಸೇರಿಸಿರ್ಲಿಲ್ಲ.

ಅಮ್ಮನಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಬಿಟ್ಟೋದ ಹಾಡಿನ ಬೇಜಾರು ನಿಮ್ಮದು, ಅದು ಸಣ್ಣದೇನಲ್ಲ, ಆದ್ರೆ ಅದನ್ನ ತೀರಿಸೋ ಕೆಲಸ ಮಗುವಿಗೆ ಬೇಡ, ಆಗೋದಾದ್ರೆ ನೀವೇ ಮತ್ತೆ ಕ್ಲಾಸಿಗೆ ಸೇರ್ಕೊಳಿ. ಸ್ವಲ್ಪ ಅತ್ರು, ಆಮೇಲೆ ಮಗುನ ಯಾರು ನೋಡ್ಕೊಳೋದು ಅಂತ ಲೆಕ್ಕ ಹಾಕೋಕೆ ಶುರು ಮಾಡಿದ್ರು, ಅದು ಒಳ್ಳೇ ಲಕ್ಷಣ.

ಮುಂದಿನ ಸಲ ಬಂದಾಗ ಮಗು ಇನ್ನೂ ಕೆಲವೊಮ್ಮೆ ಮುಖ ತಿರುಗಿಸ್ತಾಳೆ ಅಂದ್ರು, ಈಗ ಅದು ಕಂಪ್ಲೇಂಟ್ ಆಗಿರ್ಲಿಲ್ಲ. ವಾರಕ್ಕೊಂದು ಸಲ ಅವರು ಹಾಡಿನ ಕ್ಲಾಸಿಗೆ ಹೋಗ್ತಿದಾರೆ, ಆ ಹೊತ್ತಲ್ಲಿ ಅಪ್ಪ ಮಗಳು ಬಾಗಿಲು ಬಡೀತಿರ್ತಾರೆ. ಹೊರಡೋವಾಗ ಮಾತ್ರ ತಡೀಲಾರದೆ ಕೇಳೇಬಿಟ್ರು, "ಹಾಗಾದ್ರೆ ಇವಳನ್ನ ಯಾವ ವಯಸ್ಸಿಗೆ ಕ್ಲಾಸಿಗೆ ಸೇರಿಸ್ಲಿ ಮೇಡಂ?" ಅವಳೇ ಬಂದು ಕೇಳಿದಾಗ ಮಾತಾಡೋಣ ಅಂದೆ, ಗಂಡ ನಕ್ಕರು.