ಬೈಕ್‌ಗೆ ಮೊಬೈಲ್ ಚಾರ್ಜರ್ ನೇರ ಬ್ಯಾಟರಿಗೆ ಕೊಟ್ಟರೆ ಬ್ಯಾಟರಿ ಡೌನ್ ಆಗುತ್ತಾ? ಹೆಡ್‌ಲೈಟ್ ವೈರಿನಿಂದ ತಗೊಳ್ಳೋದು ಸೇಫಾ?

ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಎಲ್ಲರ ಹತ್ರ ಕೇಳ್ತಾ ಓಡಾಡಿದ್ದೆ. ನನ್ನ ಬ್ಯಾಟರಿ ಒಂದು ದಿನವೂ ಡೌನ್ ಆಗಲಿಲ್ಲ. ಬೈಕೇ ಸುಟ್ಟುಹೋಗಬೇಕಿತ್ತು, ಸ್ವಲ್ಪದರಲ್ಲಿ ಉಳಿಯಿತು.

ನಾನು ಕಲಬುರಗಿಯವನು. ಹಳ್ಳಿ ಹಳ್ಳಿ ತಿರುಗುವ ಕೆಲಸ. ಮ್ಯಾಪ್ ಆನ್ ಇಟ್ಟರೆ ಮಧ್ಯಾಹ್ನದೊಳಗೆ ಫೋನ್ ಖಾಲಿ. 350 ರೂಪಾಯಿ ಕೊಟ್ಟು ಹ್ಯಾಂಡಲ್‌ಗೆ ಕೂಡಿಸುವ ಯುಎಸ್‌ಬಿ ಚಾರ್ಜರ್ ತಂದೆ. ಎರಡು ವೈರ್ ಜೋಡಿಸೋದಕ್ಕೆ ಮೆಕ್ಯಾನಿಕ್ ಯಾಕೆ ಅಂತ ಭಾನುವಾರ ನಾನೇ ಮನೆ ಮುಂದೆ ಕೂತೆ.

ಚಾರ್ಜರ್ ಜೊತೆ ಕೆಂಪು, ಕಪ್ಪು ಎರಡು ವೈರ್ ಬಂದಿದ್ದವು. ಕೆಂಪು ವೈರಿನ ತುದಿಯಲ್ಲಿ ಫ್ಯೂಜ್ ಹೋಲ್ಡರೂ ಇತ್ತು. ಆದರೆ ನನ್ನ ಗಾಡಿಯಲ್ಲಿ ಬ್ಯಾಟರಿ ಸೀಟಿನ ಕೆಳಗೆ. ವೈರ್ ಅಲ್ಲಿ ತನಕ ಮುಟ್ಟಲಿಲ್ಲ, ಎರಡೂವರೆ ಅಡಿ ಕಮ್ಮಿ ಬಿತ್ತು. ಮನೆಯಲ್ಲಿ ಬಿದ್ದಿದ್ದ ಒಂದು ಸಣ್ಣ ವೈರ್ ತಗೊಂಡು ಫ್ಯೂಜ್‌ನ ಆಚೆ ತುದಿಗೆ ತಿರುಚಿ, ಟೇಪ್ ಸುತ್ತಿ, ಟ್ಯಾಂಕಿನ ಕೆಳಗಿಂದ ಎಳೆದು ಬ್ಯಾಟರಿಗೆ ಕೊಟ್ಟೆ. ಫ್ಯೂಜ್ ಹೋಗಿ ಹ್ಯಾಂಡಲ್ ಹತ್ರ ಕೂತಿತು. ಫ್ಯೂಜ್ ಇದೆ ಅಲ್ವಾ ಅಂತ ನನಗೆ ನೆಮ್ಮದಿ.

ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಹುಮನಾಬಾದಿನಿಂದ ವಾಪಸ್ ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಗೊಳ್ಳೋಣ ಅಂತ ಗಾಡಿ ತಿರುಗಿಸಿದೆ. ಹೈವೇನಲ್ಲಿ ಹ್ಯಾಂಡಲ್ ಎಲ್ಲಿ ಪೂರ್ತಿ ತಿರುಗುತ್ತೆ ಹೇಳಿ? ಅವತ್ತು ಪೂರ್ತಿ ತಿರುಗಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಯಾರೋ ಕಸ ಸುಡ್ತಿದ್ದಾರೆ ಅಂದುಕೊಂಡೆ. ಹಣ್ಣು ಮಾರುವ ಅಜ್ಜಿ, "ಯಪ್ಪಾ, ಗಾಡಿ ಕೆಳಗ ಹೊಗಿ ಬರ್ಲಿಕತ್ತದ ನೋಡು" ಅಂದಾಗಲೇ ನಾನು ಕೆಳಗೆ ನೋಡಿದ್ದು. ತಕ್ಷಣ ಚಾವಿ ಬಂದ್ ಮಾಡಿದೆ. ಹೊಗೆ ನಿಲ್ಲಲಿಲ್ಲ! ಚಾವಿಗೂ ಆ ವೈರಿಗೂ ಸಂಬಂಧವೇ ಇರಲಿಲ್ಲವಲ್ಲ, ನೇರ ಬ್ಯಾಟರಿಗೆ ಕೊಟ್ಟಿದ್ದೆ. ಮೇಲೆ ಪೆಟ್ರೋಲ್ ಟ್ಯಾಂಕ್, ಕೆಳಗೆ ಕೆಂಪಗೆ ಕಾದ ತಂತಿ. ಸೀಟ್ ಎತ್ತಿ, ಟವೆಲ್ ಕೈಗೆ ಸುತ್ತಿಕೊಂಡು ಟರ್ಮಿನಲ್‌ನಿಂದ ವೈರ್ ಕಿತ್ತು ಎಳೆದೆ. ಎರಡು ಬೆರಳು ಸುಟ್ಟವು.

ಗಾಡಿ ಟೆಂಪೋದಲ್ಲಿ ಕಲಬುರಗಿಗೆ ಬಂತು. ಮೆಕ್ಯಾನಿಕ್ ಉಸ್ತಾದ್ ಟ್ಯಾಂಕ್ ಬಿಚ್ಚಿ, ಹ್ಯಾಂಡಲ್ ಹತ್ರದ ಹೋಲ್ಡರ್ ತೆಗೆದು ನನ್ನ ಕೈಗಿಟ್ಟ. "ನೋಡ್ರಿ, ಫ್ಯೂಜ್ ಚೆಂದ ಅದ. ಗಾಡಿ ಸುಟ್ಟದ."

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನನಗೆ ಇದು ಅರ್ಥ ಆಗೋದಕ್ಕೆ ನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಹ್ಯಾಂಡಲ್ ತಿರುಗುವ ಸಂದಿಯಲ್ಲಿ ವೈರ್ ಸಿಕ್ಕಿ ಸಿಕ್ಕಿ ಸಿಪ್ಪೆ ಹರಿದು, ಒಳಗಿನ ತಾಮ್ರ ಚಾಸಿಗೆ, ಅಂದರೆ ಬ್ಯಾಟರಿ ಮೈನಸ್ ಸೇರಿರುವ ಗಾಡಿಯ ಲೋಹದ ಚೌಕಟ್ಟಿಗೆ, ತಾಗಿದೆ. ಕರೆಂಟ್ ಬ್ಯಾಟರಿಯಿಂದ ಹೊರಟು ಅಲ್ಲಿಂದಲೇ ಚಾಸಿ ಹಿಡಿದು ವಾಪಸ್. ಫ್ಯೂಜ್ ತನಕ ಅದು ಹೋಗಲೇ ಇಲ್ಲ, ಮತ್ತೆ ಫ್ಯೂಜ್ ಯಾಕೆ ಹಾರುತ್ತೆ? ಬೋರ್‌ವೆಲ್ ಪೈಪಿನ ವಾಲ್ವ್ ಹೊಲದ ಆ ತುದಿಗೆ ಹಾಕಿ, ನಡುವೆ ಪೈಪ್ ಒಡೆದಾಗ ಅಲ್ಲಿಗೆ ಓಡಿ ವಾಲ್ವ್ ಬಂದ್ ಮಾಡಿದರೆ ನೀರು ನಿಲ್ಲುತ್ತಾ? ಫ್ಯೂಜ್ ಇರೋದು ಚಾರ್ಜರ್ ಉಳಿಸೋದಕ್ಕೆ ಅಂತ ನಾನು ತಿಳಿದಿದ್ದೆ. ಅದು ವೈರ್ ಕಾಯೋದಕ್ಕೆ, ಅದೂ ತನ್ನಿಂದ ಮುಂದಿರುವ ವೈರನ್ನು ಮಾತ್ರ. ಅದಕ್ಕೇ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಬೇಕು. ವೈರ್ ಸಾಲದಿದ್ದರೆ ಫ್ಯೂಜ್‌ಗೂ ಚಾರ್ಜರ್‌ಗೂ ನಡುವೆ ಕತ್ತರಿಸಿ ಸೇರಿಸಿ.

ಈಗ ನಿಮ್ಮ ಬ್ಯಾಟರಿ ಚಿಂತೆ. ಚಾರ್ಜರ್ 5 ವೋಲ್ಟ್ 2 ಆಂಪ್ ಅಂದರೆ 10 ವ್ಯಾಟ್. ಬ್ಯಾಟರಿಯಿಂದ ಹೆಚ್ಚುಕಮ್ಮಿ 1 ಆಂಪ್ ಎಳೆಯುತ್ತೆ ಅಷ್ಟೇ, ಗಾಡಿ ಓಡುವಾಗ ಅದು ಲೆಕ್ಕಕ್ಕೇ ಇಲ್ಲ. ವೋಲ್ಟ್ ತೋರಿಸುವ ಲೈಟ್ ಇರುವ ಚಾರ್ಜರ್ ಆದರೆ ಸುಮ್ನೆ ನಿಂತಾಗಲೂ 20 ಮಿಲಿಆಂಪ್ ಕುಡೀತಾ ಇರಬಹುದು. 5 ಎಎಚ್ (ಆಂಪ್-ಅವರ್) ಬ್ಯಾಟರಿ ಹತ್ತು ದಿನಕ್ಕೆ ಖಾಲಿ. ದಿನಾ ಗಾಡಿ ತೆಗೆಯುವವರಿಗೆ ಅದೂ ಗೊತ್ತಾಗಲ್ಲ.

ಹೆಡ್‌ಲೈಟ್ ವೈರ್ ಮಾತ್ರ ಮುಟ್ಟಬೇಡಿ. ಹಳೆಯ ಎಷ್ಟೋ ಬೈಕ್‌ಗಳಲ್ಲಿ ಹೆಡ್‌ಲೈಟ್‌ಗೆ ಎಂಜಿನ್ ಒಳಗಿನ ಕಾಯಿಲ್‌ನಿಂದ ನೇರ ಎಸಿ ಕರೆಂಟ್ ಬರುತ್ತೆ, ಬ್ಯಾಟರಿಯ ಡಿಸಿಗೆ ಮಾಡಿದ ಚಾರ್ಜರ್ ಢಮಾರ್.

ನಾನಾದರೆ ರಿಲೇ ಹಾಕಿ ಅಂತೀನಿ. ಅದು ಚಾವಿ ಆನ್ ಆದಾಗ ಮಾತ್ರ ತಾನೇ ಆನ್ ಆಗುವ ಸ್ವಿಚ್ ಇದ್ದ ಹಾಗೆ, ಪಿನ್ ನಂಬರ್ ಅದರ ಮೇಲೇ ಇರುತ್ತೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಜ್ ದಾಟಿ 30ನೇ ಪಿನ್‌ಗೆ, 87ರಿಂದ ಚಾರ್ಜರ್‌ಗೆ, 85 ಅರ್ತ್‌ಗೆ, ಅಂದರೆ ಚಾಸಿಗೆ. 86ಕ್ಕೆ ಚಾವಿ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ಒಂದು ವೈರ್, ಬ್ರೇಕ್ ಲೈಟ್ ಸ್ವಿಚ್‌ಗೆ ಬರೋದು ಸಾಮಾನ್ಯವಾಗಿ ಸರಿಹೋಗುತ್ತೆ, ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿಕೊಳ್ಳಿ. ಫ್ಯೂಜ್ 3 ಅಥವಾ 5 ಆಂಪ್, ಅದಕ್ಕಿಂತ ದೊಡ್ಡದು ಬೇಡ. ಜಾಯಿಂಟ್‌ಗೆ ಬೆಸುಗೆ ಹಾಕಿ ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಸ್ಲೀವ್ ಕಾಯಿಸಿ ಕೂರಿಸಿ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತೆ, ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ. ವಾರಂಟಿ ಇರುವ ಹೊಸ ಗಾಡಿ ಆದರೆ ಈ ಗೊಡವೆ ಬಿಟ್ಟು ಪವರ್ ಬ್ಯಾಂಕ್ ತಗೊಳ್ಳಿ, ನಿಜವಾಗಿ ಹೇಳ್ತೀನಿ.

ಎಲ್ಲ ಮುಗಿದ ಮೇಲೆ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹತ್ತು ಸಲ ತಿರುಗಿಸಿ, ಟಾರ್ಚ್ ಹಿಡಿದು ವೈರ್ ಎಲ್ಲಾದರೂ ಬಿಗಿಯಾಗುತ್ತಾ ನೋಡಿ. ನಿಮ್ಮ ಬ್ಯಾಟರಿ ಸೀಟ್ ಕೆಳಗಿದೆಯಾ, ಸೈಡ್ ಪ್ಯಾನೆಲ್ ಒಳಗಾ ಅಂತ ಬರೆಯಿರಿ, ವೈರ್ ಯಾವ ದಾರಿಯಲ್ಲಿ ಎಳೆಯಬೇಕು ಅಂತ ಹೇಳ್ತೀನಿ.