ಒಂದು ಕೇಸಿನಲ್ಲಿ ಬಂಧಿಸಿದವರ ಡಿಎನ್‌ಎ ತೆಗೆದು ಹಳೇ ಕೇಸು ಭೇದಿಸುವುದು ಅಮೆರಿಕದಲ್ಲಿ ಸಂವಿಧಾನಬದ್ಧವೇ?

ಹೌದು, ಆದರೆ ಒಂದೇ ಒಂದು ಮತದ ಅಂತರದಲ್ಲಿ. ಅಲ್ಲಿನ ಸುಪ್ರೀಂ ಕೋರ್ಟಿನ 2013ರ ‘ಮೇರಿಲ್ಯಾಂಡ್ ವಿರುದ್ಧ ಕಿಂಗ್’ ತೀರ್ಪು 5–4.

2009ರ ಏಪ್ರಿಲ್‌ನಲ್ಲಿ ಬಂದೂಕು ತೋರಿಸಿ ಜನರನ್ನು ಬೆದರಿಸಿದ ಆರೋಪದ ಮೇಲೆ ಮೇರಿಲ್ಯಾಂಡ್ ರಾಜ್ಯದಲ್ಲಿ ಕಿಂಗ್ ಎಂಬವನ ಬಂಧನವಾಯಿತು. ಠಾಣೆಯಲ್ಲಿ ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಸವರಿ ಮಾದರಿ ತೆಗೆದರು. ಅದು 2003ರಿಂದ ಬಗೆಹರಿಯದೇ ಉಳಿದಿದ್ದ ಅತ್ಯಾಚಾರ ಪ್ರಕರಣಕ್ಕೆ ತಾಳೆಯಾಯಿತು.

ಪ್ರಶ್ನೆ ಎದ್ದದ್ದು ಅಮೆರಿಕ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಮೇಲೆ: ಸಕಾರಣವಿಲ್ಲದೆ ಯಾರನ್ನೂ ಶೋಧಿಸುವಂತಿಲ್ಲ. ಹಳೇ ಕೇಸಿನಲ್ಲಿ ಇವನ ಮೇಲೆ ಸಂಶಯವೇ ಇರಲಿಲ್ಲ. ಆದರೂ ಬಹುಮತದ ಪರ ಬರೆದ ನ್ಯಾಯಮೂರ್ತಿ ಕೆನಡಿ, ಇದು ಬೆರಳಚ್ಚು, ಫೋಟೋಗಳಂತೆ ಗುರುತು ಪತ್ತೆಯ ಕ್ರಮವಷ್ಟೇ ಎಂದರು.

ನನಗೆ ಈ ವಾದ ಗಂಟಲಲ್ಲಿ ಇಳಿಯುವುದಿಲ್ಲ. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ (ಸಂಪ್ರದಾಯವಾದಿ, ಜೊತೆಗೆ ನಿಂತವರು ಮೂವರು ಉದಾರವಾದಿಗಳು!) ದಿನಾಂಕಗಳನ್ನೇ ಮುಂದಿಟ್ಟರು. ಮಾದರಿ ಪ್ರಯೋಗಾಲಯಕ್ಕೆ ಹೋದದ್ದು ಜೂನ್‌ನಲ್ಲಿ, ತಾಳೆಯಾದದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಅವನು ಯಾರೆಂದು ಪೊಲೀಸರಿಗೆ ಚೆನ್ನಾಗಿಯೇ ಗೊತ್ತಿತ್ತು. ನಡೆದದ್ದು ಗುರುತು ಪತ್ತೆಯಲ್ಲ, ಅಪರಾಧ ಪತ್ತೆ.

ಶಿಕ್ಷೆಯಾದವರ ಮಾತು ಬೇರೆ. ಅವರ ಖಾಸಗಿತನದ ಹಕ್ಕು ಕಡಿಮೆ ಎಂದು ಅಲ್ಲಿನ ಕೆಳ ನ್ಯಾಯಾಲಯಗಳು ಮೊದಲೇ ಒಪ್ಪಿದ್ದವು.

ನಮ್ಮಲ್ಲಿ? 2010ರ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪು ಒತ್ತಾಯದ ಮಂಪರು ಪರೀಕ್ಷೆಯನ್ನು ತಳ್ಳಿಹಾಕಿತು, ಡಿಎನ್‌ಎಯನ್ನಲ್ಲ. ರಕ್ತ, ಎಂಜಲು ಭೌತಿಕ ಸಾಕ್ಷ್ಯ; ತನ್ನ ವಿರುದ್ಧ ತಾನೇ ನುಡಿಯುವ ಸಾಕ್ಷಿಯಲ್ಲ. 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಂತೂ ಇಂಥ ಮಾದರಿಗಳ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ.